ಎ.ಆರ್.ಟಿ. ಕೇಂದ್ರ ಹೇಗೆ ನಡೆಯಬೇಕೆಂದು ಮಾತ್ರೆ ನುಂಗುವವರನ್ನೂ ಕೇಳೋಣ

ಸರ್ಕಾರಿ ಆಸ್ಪತ್ರೆಯೊಂದರ ಎ.ಆರ್.ಟಿ. ಕೇಂದ್ರದಲ್ಲಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡುವ ಕಡೆ, ನಾನು ಕೆಲವು ವರ್ಷ ಆಪ್ತಸಮಾಲೋಚಕಿಯಾಗಿದ್ದೆ. ಎಚ್‌ಐವಿ ಸೋಂಕಿತರನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ನಮ್ಮ ನಮೂನೆಗಳಲ್ಲಿ ಅಚ್ಚಾಗಿರುತ್ತಿದ್ದವು. ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ, ಯಾವ ದಿನ ತಪ್ಪಿತು, ಏಕೆ ತಪ್ಪಿತು, ಕೆಮ್ಮು ಜ್ವರ ಇದೆಯೇ, ತೂಕ ಇಳಿದಿದೆಯೇ, ಸಂಗಾತಿಯ ತಪಾಸಣೆ ಆಯಿತೇ ಎಂದು ಒಂದೊಂದನ್ನೇ ಕೇಳಿ ಬರೆದುಕೊಳ್ಳುತ್ತಿದ್ದೆವು. ಕೇಂದ್ರ ಎಷ್ಟು ಹೊತ್ತಿಗೆ ತೆರೆದರೆ ನಿಮಗೆ ಅನುಕೂಲ, ಎಲ್ಲಿ ಕೂರಿಸಿದರೆ ಮುಜುಗರವಾಗುವುದಿಲ್ಲ, ಸರದಿ ಬಂದಾಗ ನಿಮ್ಮನ್ನು ಹೇಗೆ ಕರೆಯಬೇಕು ಎಂದು ಕೇಳುವ ನಮೂನೆ ಮಾತ್ರ ಇರಲಿಲ್ಲ. ಹಾಗೆ ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಜೀವನಪೂರ್ತಿ ಪ್ರತಿದಿನ ಮಾತ್ರೆ ನುಂಗಬೇಕಾದವರು, ಮಾತ್ರೆಗಾಗಿ ವರ್ಷಕ್ಕೆ ಹಲವು ಸಲ ಅದೇ ಬಾಗಿಲಿಗೆ ಬರಬೇಕಾದವರು, ಆ ಬಾಗಿಲಿನ ಒಳಗಿನ ವ್ಯವಸ್ಥೆಯ ಬಗ್ಗೆ ವೈದ್ಯರಿಗಿಂತ ಹೆಚ್ಚು ಬಲ್ಲರು ಎಂಬುದು ನನಗೆ ಮನವರಿಕೆಯಾದದ್ದು ನಿಧಾನವಾಗಿ, ಅವರ ಮಾತನ್ನು ಕೇಳುತ್ತ ಕೇಳುತ್ತ.

ಈ ವಿಚಾರ ಹೊಸದೇನೂ ಅಲ್ಲ. 1983ರಲ್ಲಿ, ರೋಗಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ, ಅಮೆರಿಕದ ಡೆನ್ವರ್ ನಗರದ ಸಮ್ಮೇಳನವೊಂದರಲ್ಲಿ ಏಡ್ಸ್ ಪೀಡಿತರ ಒಂದು ಸಣ್ಣ ಗುಂಪು ವೇದಿಕೆ ಏರಿ, ತಮ್ಮ ಕುರಿತ ನಿರ್ಧಾರಗಳ ಎಲ್ಲ ಹಂತಗಳಲ್ಲೂ ತಾವಿರಬೇಕೆಂದು ಘೋಷಿಸಿತು. 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳು ಸೋಂಕಿತರ ಸಹಭಾಗಿತ್ವವನ್ನು ಹೆಚ್ಚಿಸುವುದಾಗಿ ಸಹಿ ಹಾಕಿದವು. ಭಾರತವೂ ಅವುಗಳಲ್ಲಿ ಒಂದು. ಕಾಗದದ ಮೇಲೆ ಎಲ್ಲರೂ ಒಪ್ಪಿಕೊಂಡ ಈ ತತ್ವ ಒಂದು ತಾಲ್ಲೂಕಿನ ಅಥವಾ ಜಿಲ್ಲೆಯ ಚಿಕಿತ್ಸಾ ಕೇಂದ್ರಕ್ಕೆ ಬಂದು ತಲುಪುವಾಗ ಏನಾಗಿರುತ್ತದೆ ಎಂಬುದೇ ನನ್ನ ಆಸಕ್ತಿ.

ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಎ.ಆರ್.ಟಿ. ಆರಂಭವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನೂ ದೆಹಲಿಯನ್ನೂ ಮೊದಲಿಗೆ ಆರಿಸಿಕೊಂಡಿದ್ದರು; ಕರ್ನಾಟಕ ಆ ಆರರಲ್ಲಿ ಒಂದಾಗಿತ್ತು. ಈಗ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಡನೆ ಬದುಕುತ್ತಿದ್ದಾರೆಂಬ ಅಂದಾಜಿದೆ, ಸಂಖ್ಯೆಯ ದೃಷ್ಟಿಯಿಂದ ಮೊದಲ ಮೂರು ರಾಜ್ಯಗಳಲ್ಲಿ ಇಂದಿಗೂ ನಮ್ಮ ರಾಜ್ಯವಿದೆ. ಆರಂಭದಲ್ಲಿ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕಣಗಳ ಸಂಖ್ಯೆ ಕುಸಿದವರಿಗೆ ಮಾತ್ರ ಸಿಗುತ್ತಿದ್ದ ಚಿಕಿತ್ಸೆ 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಸಿಗತೊಡಗಿತು. ನಂತರ ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಬಂತು, ಮೂರು ಔಷಧ ಒಂದರಲ್ಲೇ ಸೇರಿರುವ, ದಿನಕ್ಕೊಂದೇ ಸಲ ನುಂಗುವ ಟಿ.ಎಲ್.ಡಿ. ಮಾತ್ರೆ ಬಂತು. ವೈದ್ಯಕೀಯ ದೃಷ್ಟಿಯಿಂದ ಇದು ದೊಡ್ಡ ಸಾಧನೆ, ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆದರೆ ಮಾತ್ರೆ ಬದಲಾದಷ್ಟು ವೇಗವಾಗಿ ಮಾತ್ರೆ ಕೊಡುವ ಬಗೆ ಬದಲಾಗಲಿಲ್ಲ.

ಬದಲಾಗಬೇಕಾದದ್ದು ಏನು ಎಂದು ಸೋಂಕಿತರನ್ನು ಕೇಳಿದರೆ ಅವರು ಹೇಳುವ ಸಂಗತಿಗಳು ಬಹುಮಟ್ಟಿಗೆ ಚಿಕ್ಕವು. ಬಾಗಿಲ ಮೇಲೆ ದೊಡ್ಡ ಅಕ್ಷರದ ಫಲಕವಿರುವ ಕೇಂದ್ರದ ಹೊರಗೆ, ಹೊರರೋಗಿಗಳ ವಿಭಾಗಕ್ಕೆ ಹೋಗುವವರೆಲ್ಲ ಹಾದುಹೋಗುವ ಓಣಿಯಲ್ಲಿ, ಬೆಂಚಿನ ಮೇಲೆ ಒಂದು ಗಂಟೆ ಕೂರುವುದೆಂದರೆ ಊರಿನವರ ಕಣ್ಣಿಗೆ ಬೀಳುವುದೇ ಸರಿ. ಆ ಭಯದಿಂದಲೇ ಎಷ್ಟೋ ಮಂದಿ ಮನೆಗೆ ಹತ್ತಿರದ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಹೋಗಿ ನೋಂದಾಯಿಸಿಕೊಳ್ಳುತ್ತಾರೆ. ನಮ್ಮ ಲೆಕ್ಕದ ಪುಸ್ತಕಕ್ಕೆ ಅದು ದೂರದ ಊರಿನ ರೋಗಿ. ಅವರಿಗೆ ಅದು ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಬಸ್ಸಿನ ಖರ್ಚು ತಪ್ಪಿತು. ಎಚ್‌ಐವಿ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆ ಅದಲ್ಲವಾದರೂ, ದೂರದ ಕೇಂದ್ರಕ್ಕೆ ಹೋಗುವ ಹೆಂಗಸರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಗಂಡಸರ ಖರ್ಚೂ, ಎಲ್ಲರ ಕೂಲಿಯ ನಷ್ಟವೂ ಹಾಗೆಯೇ ಉಳಿದಿವೆ.

ಹೆಸರು ಕೂಗಿ ಕರೆಯುವುದು ಇನ್ನೊಂದು. ಸರದಿಗೆ ಟೋಕನ್ ಸಂಖ್ಯೆ ಕೊಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ, ಮೇಲಿನಿಂದ ಆದೇಶ ಬರಬೇಕೆಂದೂ ಇಲ್ಲ. ಆದರೂ ಅದನ್ನು ಮಾಡಬೇಕೆಂದು ಹೊಳೆಯುವುದು ತನ್ನ ಹೆಸರನ್ನು ಓಣಿಯಲ್ಲಿ ಕೂಗಿಸಿಕೊಂಡವರಿಗೆ ಮಾತ್ರ. ಡಬ್ಬಿಯ ಸದ್ದಿನ ವಿಷಯವೂ ಹೀಗೆಯೇ. ಹಾಸ್ಟೆಲಿನಲ್ಲಿ ಇರುವ ಹುಡುಗ ಹುಡುಗಿಯರು ಚೀಲ ಅಲ್ಲಾಡಿದಾಗ ಮಾತ್ರೆಗಳ ಸದ್ದು ಕೇಳಿಸದಿರಲೆಂದು ಅವನ್ನು ಡಬ್ಬಿಯಿಂದ ತೆಗೆದು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿಡುತ್ತಾರೆ. ಮಾತ್ರೆಗೆ ತೇವ ತಾಗಬಾರದು, ಡಬ್ಬಿಯಲ್ಲೇ ಇರಲಿ ಎಂದು ನಾವು ಹೇಳುತ್ತಿದ್ದೆವು. ಅವರು ತಲೆಯಾಡಿಸಿ ಹೋಗುತ್ತಿದ್ದರು. ಡಬ್ಬಿಯ ಬಾಯಿಗೆ ಒಂದಿಷ್ಟು ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ ಎಂಬ ಉಪಾಯವನ್ನು ಹೊಸಬರಿಗೆ ಹೇಳಿಕೊಟ್ಟವರು ಅದೇ ಪಾಡು ಪಟ್ಟ ಹಳಬರೇ ಹೊರತು ನಾವಲ್ಲ.

ಒಂದು ಸಲಕ್ಕೆ ಎಷ್ಟು ತಿಂಗಳ ಮಾತ್ರೆ ಕೊಡಬೇಕೆಂಬುದು ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆರೋಗ್ಯ ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಿ ಎಂದು ಸೋಂಕಿತರ ಸಂಘಗಳು ಬಹುಕಾಲದಿಂದ ಕೇಳುತ್ತಿದ್ದವು. ಕೊಟ್ಟರೆ ಜನ ತಪ್ಪಿಹೋಗುತ್ತಾರೆ, ನಿಗಾ ಕಡಿಮೆಯಾಗುತ್ತದೆ ಎಂಬ ಅಂಜಿಕೆ ನಮ್ಮ ಕಡೆಯಲ್ಲಿತ್ತು. 2020ರ ಲಾಕ್‌ಡೌನ್ ಬಂದಾಗ ಬೇರೆ ದಾರಿಯಿಲ್ಲದೆ ಹಾಗೆಯೇ ಕೊಡಬೇಕಾಯಿತು, ಸಂಘಗಳ ಕಾರ್ಯಕರ್ತರು ಎಷ್ಟೋ ಕಡೆ ಮನೆಬಾಗಿಲಿಗೆ ಮಾತ್ರೆ ಮುಟ್ಟಿಸಿದರು. ವರ್ಷಗಟ್ಟಲೆ ಅಸಾಧ್ಯವೆಂದು ಹೇಳಿದ್ದು ಕೆಲವೇ ವಾರಗಳಲ್ಲಿ ಸಾಧ್ಯವಾಯಿತು. ಎರಡು ವರ್ಷ ಕಳೆದು 2022ರ ಜುಲೈನಲ್ಲಿ, ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಔಷಧದ ಕೊರತೆ ನೀಗಿಸಬೇಕೆಂದು ಧರಣಿ ಕುಳಿತರು. ದೇಶದ ಮಟ್ಟದಲ್ಲಿ ಕೊರತೆಯಿಲ್ಲ ಎಂದು ಸರ್ಕಾರ ಹೇಳಿತು. ಒಂದು ತಿಂಗಳಿಗೂ ಸಾಲದಷ್ಟು ಮಾತ್ರೆ ಹಿಡಿದು ಮನೆಗೆ ಹೋದವರು ಬೇರೆ ಹೇಳಿದರು. ದಾಸ್ತಾನಿನ ವರದಿ ಉಗ್ರಾಣದ ಲೆಕ್ಕವನ್ನು ಹೇಳುತ್ತದೆ. ಕಿಟಕಿಯಲ್ಲಿ ಕೈಗೆ ಬಂದದ್ದೆಷ್ಟು ಎಂಬ ಲೆಕ್ಕ ಬೇಕಿದ್ದರೆ ಕಿಟಕಿಯ ಹೊರಗೆ ನಿಂತವರನ್ನೇ ಕೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ 2019ರಲ್ಲಿ ಆರಂಭವಾದ ರಿಟ್ಶಿಡ್ಜೆ ಎಂಬ ಕಾರ್ಯಕ್ರಮ ಇದನ್ನೇ ಕ್ರಮಬದ್ಧವಾಗಿ ಮಾಡುತ್ತ ಬಂದಿದೆ: ಸೋಂಕಿತರ ಸಂಘಟನೆಗಳೇ ನೂರಾರು ಸರ್ಕಾರಿ ಚಿಕಿತ್ಸಾಲಯಗಳಿಗೆ ಹೋಗಿ, ಕಾಯುವ ಹೊತ್ತು, ಔಷಧದ ಲಭ್ಯತೆ, ಸಿಬ್ಬಂದಿಯ ನಡವಳಿಕೆ ಇವನ್ನು ದಾಖಲಿಸಿ, ಅದನ್ನು ಬಹಿರಂಗವಾಗಿ ಪ್ರಕಟಿಸಿ, ಅಧಿಕಾರಿಗಳ ಮುಂದೆ ಇಟ್ಟು ಉತ್ತರ ಕೇಳುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಹಿರಿಯರ ಮಾತು. ಹದಿಹರೆಯದವರದು ಬೇರೆಯೇ ಲೋಕ, ಅದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕೆನಿಸುತ್ತದೆ.

ಮಕ್ಕಳಿಗಾಗಿ ಪ್ರತ್ಯೇಕ ಎ.ಆರ್.ಟಿ. ಕಾರ್ಯಕ್ರಮವನ್ನು ದೇಶದಲ್ಲಿ ಆರಂಭಿಸಿದ್ದು 2006ರ ಕೊನೆಯಲ್ಲಿ. ಆಗ ತಾಯಿಯಿಂದ ಸೋಂಕು ಪಡೆದು ಚಿಕಿತ್ಸೆಗೆ ಬಂದ ಕೂಸುಗಳು ಇಂದು ಕಾಲೇಜಿನಲ್ಲಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದಾರೆ, ಮದುವೆಯ ಯೋಚನೆಯಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿಯನ್ನು ಬೆಳೆಸಿದವರು ಅಜ್ಜಿಯರು, ಸೋದರಮಾವಂದಿರು, ಇಲ್ಲವೇ ಯಾವುದೋ ಸಂಸ್ಥೆಯ ವಾರ್ಡನ್‌ಗಳು. ಮಗುವಿಗೆ ತನ್ನ ಸೋಂಕಿನ ವಿಷಯವನ್ನು ಶಾಲೆಗೆ ಹೋಗುವ ವಯಸ್ಸಿನಲ್ಲೇ, ಅರ್ಥವಾಗುವಷ್ಟಷ್ಟಾಗಿ, ಹಂತಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ನಮ್ಮ ಮನೆಗಳಲ್ಲಿ ನಡೆಯುವುದು ಹಾಗಲ್ಲ. 'ರಕ್ತ ಕಡಿಮೆ ಇದೆ ಪುಟ್ಟಾ, ಅದಕ್ಕೆ ಈ ಮಾತ್ರೆ' ಎಂದು ಅಜ್ಜಿ ಹೇಳಿರುತ್ತಾಳೆ. ಎಂಟನೇ ತರಗತಿಯ ವಿಜ್ಞಾನದ ಪಾಠದಲ್ಲೋ, ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕಿದಾಗಲೋ ಮಗುವಿಗೆ ನಿಜ ತಿಳಿದುಬಿಡುತ್ತದೆ. ತಿಳಿದಿದೆ ಎಂಬುದನ್ನು ಅದು ಅಜ್ಜಿಗೆ ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ. ಆಮೇಲೆ ಒಂದು ದಿನ ಮಾತ್ರೆ ನಿಲ್ಲಿಸುತ್ತದೆ. ನಮ್ಮ ದಾಖಲೆಯಲ್ಲಿ ಅದು 'ಚಿಕಿತ್ಸೆಗೆ ಬದ್ಧತೆ ಇಲ್ಲ' ಎಂದಾಗುತ್ತದೆ.

ಇಂಥ ಹುಡುಗ ಹುಡುಗಿಯರನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿಕೊಂಡು 'ಏನಪ್ಪಾ, ಏನಾದರೂ ತೊಂದರೆ ಇದೆಯಾ' ಎಂದರೆ 'ಇಲ್ಲ ಮೇಡಂ' ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಅವರದೇ ವಯಸ್ಸಿನವರ ನಡುವೆ, ದೊಡ್ಡವರಿಲ್ಲದ ಕೋಣೆಯಲ್ಲಿ ಕೂರಿಸಿದರೆ ಮಾತು ತಾನಾಗಿ ಹೊರಬೀಳುತ್ತದೆ. ಕೇಂದ್ರ ತೆರೆದಿರುವುದು ತರಗತಿಗಳು ನಡೆಯುವ ಹೊತ್ತಿನಲ್ಲೇ ಎಂದು ಅವರು ಹೇಳುತ್ತಾರೆ. ಪ್ರತಿ ಸಲವೂ ರಜೆ ಚೀಟಿಗೆ ಹೊಸ ಸುಳ್ಳು ಹುಡುಕಬೇಕಾದ ಕಷ್ಟ, ಮಕ್ಕಳ ವೈದ್ಯರಿಂದ ದೊಡ್ಡವರ ವಿಭಾಗಕ್ಕೆ ಒಂದು ದಿನ ಇದ್ದಕ್ಕಿದ್ದಂತೆ ಕಳುಹಿಸಿಬಿಟ್ಟಾಗಿನ ದಿಗಿಲು, ಪ್ರೀತಿಸಿದವರಿಗೆ ಯಾವಾಗ ಹೇಳಬೇಕು, ವೈರಸ್ ಪರೀಕ್ಷೆಗೆ ಸಿಗದಷ್ಟು ಕುಗ್ಗಿದ್ದರೆ ಸಂಗಾತಿಗೆ ಹರಡುವುದಿಲ್ಲವೆನ್ನುವುದು ನಿಜವೇ ಎಂಬ ಪ್ರಶ್ನೆ, ಎಲ್ಲವೂ ಬರುತ್ತವೆ. (ನಿಜ. ಅದನ್ನು ಅವರಿಗೆ ನಾವು ಇನ್ನೂ ಮೊದಲೇ, ಇನ್ನೂ ಸ್ಪಷ್ಟವಾಗಿ ಹೇಳಬೇಕು.)

ಇಲ್ಲಿ ಕಾನೂನಿನ ತೊಡಕೊಂದಿದೆ. 18 ತುಂಬದವರ ಲೈಂಗಿಕ ಸಂಬಂಧದ ಸಂಗತಿ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಆ ಕಾಯ್ದೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹದಿನೇಳರ ಹುಡುಗಿಯೊಬ್ಬಳು ನಂಬಿಕೆಯಿಂದ ಬಾಯಿ ತೆರೆಯುವ ಮೊದಲೇ ಅವಳಿಗೆ ಈ ಮಿತಿಯನ್ನು ತಿಳಿಸಬೇಕಾಗುತ್ತದೆ, ತಿಳಿಸಿದ ಮೇಲೆ ಅವಳು ಬಾಯಿ ತೆರೆಯದೆ ಇರಬಹುದು. ಯುವಜನರ ಸಭೆ ನಡೆಸುವ ಯಾರೇ ಆಗಲಿ ಇದನ್ನು ಮರೆತು ಹೊರಟರೆ, ಕೊನೆಗೆ ಮೋಸವಾಯಿತೆಂದು ಅನಿಸುವುದು ಆ ಮಕ್ಕಳಿಗೇ.

ಯುವಜನರನ್ನು ಬರಿಯ ಸಲಹೆಗಾರರಾಗಿ ಅಲ್ಲ, ಸೇವೆಯ ಭಾಗವಾಗಿಯೇ ತೊಡಗಿಸಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದಿರುವ ಗಟ್ಟಿ ನಿದರ್ಶನ ಜಿಂಬಾಬ್ವೆಯದು. ಅಲ್ಲಿನ ಹರಾರೆಯಲ್ಲಿ 2004ರಲ್ಲಿ ಕೆಲವೇ ಹದಿಹರೆಯದ ಸೋಂಕಿತರ ಪರಸ್ಪರ ಬೆಂಬಲದ ಗುಂಪಾಗಿ ಜ್ವಂದಿರಿ ಎಂಬ ಕಾರ್ಯಕ್ರಮ ಆರಂಭವಾಯಿತು. ಬರಬರುತ್ತ ಅದು 18ರಿಂದ 24 ವರ್ಷದೊಳಗಿನ ಸೋಂಕಿತ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಅವರನ್ನು ಸರ್ಕಾರಿ ಚಿಕಿತ್ಸಾಲಯಗಳಿಗೆ ಜೋಡಿಸಿ, ತಮಗಿಂತ ಕಿರಿಯ ಸೋಂಕಿತರ ಮನೆಗಳಿಗೆ ಹೋಗಿಬರುವ, ಫೋನಿನಲ್ಲಿ ವಿಚಾರಿಸುವ, ತಿಂಗಳಿಗೊಮ್ಮೆ ಗುಂಪು ಸೇರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿತು. ಬಿಂಡುರಾ ಮತ್ತು ಶಾಮ್ವಾ ಎಂಬ ಗ್ರಾಮೀಣ ಜಿಲ್ಲೆಗಳ 16 ಚಿಕಿತ್ಸಾಲಯಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು: ಎಂಟರಲ್ಲಿ ಮಾಮೂಲಿ ಚಿಕಿತ್ಸೆ, ಇನ್ನೆಂಟರಲ್ಲಿ ಅದರ ಜೊತೆಗೆ ಈ ಯುವ ಸಹಾಯಕರು. ಭಾಗವಹಿಸಿದವರು 13ರಿಂದ 19 ವರ್ಷದವರು. 96 ವಾರಗಳ ನಂತರ ಮಾಮೂಲಿ ಚಿಕಿತ್ಸೆಯ ಕಡೆ 36 ಶೇಕಡಾ ಮಂದಿ ವೈರಸ್ ಹತೋಟಿಯಲ್ಲಿಲ್ಲದೆ ಉಳಿದಿದ್ದರು ಅಥವಾ ತೀರಿಕೊಂಡಿದ್ದರು. ಯುವ ಸಹಾಯಕರಿದ್ದ ಕಡೆ ಆ ಪ್ರಮಾಣ 25 ಶೇಕಡಾ. 2020ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುವಾಗ ನನಗೆ ಮುಖ್ಯವೆನಿಸಿದ್ದು ಎರಡು ಸಂಗತಿ. ಎರಡೂ ಕಡೆ ಮಾತ್ರೆ ಅದೇ, ಮಾಮೂಲಿ ಚಿಕಿತ್ಸೆ ಅದೇ. ಒಂದು ಕಡೆ ಹೆಚ್ಚಾಗಿದ್ದದ್ದು ಮನೆಗೆ ಬಂದು ಮಾತಾಡಿಸುವ ಈ ಯುವ ಸಹಾಯಕರಷ್ಟೆ. ಇಷ್ಟಾದರೂ ನಾಲ್ವರಲ್ಲಿ ಒಬ್ಬರಿಗೆ ಅದು ಸಾಲಲಿಲ್ಲ. ಯುವಜನರನ್ನು ತೊಡಗಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಭಾಷಣ ಮಾಡುವವರು ಈ ಎರಡನೆಯದನ್ನೂ ನೆನಪಿಡುವುದು ಒಳ್ಳೆಯದು. ಬಡತನ, ಹಸಿವು, ತಾಯಿತಂದೆ ಇಲ್ಲದಿರುವುದು ಇವು ಇಪ್ಪತ್ತರ ಹರೆಯದ ಗೆಳತಿಯೊಬ್ಬಳು ಬಂದು ಮಾತಾಡಿಸಿದ ಮಾತ್ರಕ್ಕೆ ಕರಗುವ ಸಂಗತಿಗಳಲ್ಲ.

ನಮ್ಮಲ್ಲೂ ಇದರ ಬೇರುಗಳಿವೆ. ಮೈಸೂರಿನ ಅಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಘಟನೆ. 2004ರಲ್ಲಿ ಅಲ್ಲಿ ತೊಡಗಿದ ಎಚ್‌ಐವಿ ತಡೆಯ ಕೆಲಸದಿಂದ ಅದು ಬೆಳೆದುಬಂತು. ಸೋಂಕು ತಗಲುವ ಮೊದಲೇ ನುಂಗುವ ತಡೆಮಾತ್ರೆ ನಮ್ಮ ದೇಶದಲ್ಲಿ ನಡೆಯುವುದೇ ಎಂದು ನೋಡಲು 2016ರಲ್ಲಿ ಪ್ರಯೋಗ ಮಾಡಿದಾಗ, ಅದನ್ನು ನಡೆಸಿದ್ದು ಕೋಲ್ಕತ್ತದ ದುರ್ಬಾರ್ ಎಂಬ ಲೈಂಗಿಕ ಕಾರ್ಯಕರ್ತರ ಸಮಿತಿ ಮತ್ತು ಮೈಸೂರಿನ ಈ ಸಮಿತಿಯ ಮೂಲಕ. ಮಾತ್ರೆಯ ಬಗ್ಗೆ ಏಳಬಹುದಾದ ಗುಮಾನಿ, ಗಾಳಿಮಾತು, ಮನೆಯಲ್ಲಿ ಅಡಗಿಸಿಡುವ ಕಷ್ಟ ಇವುಗಳ ಬಗ್ಗೆ ಸಮುದಾಯದೊಳಗೆ ಚರ್ಚೆ ನಡೆಸಿ, ಆಮೇಲೆ ಮಾತ್ರೆ ಕೈಗೆ ಕೊಟ್ಟರು. ಸೋಂಕಿತರ ಜಿಲ್ಲಾ ಸಂಘಗಳೂ, 2013ರಲ್ಲಿ ವಿಹಾನ್ ಕಾರ್ಯಕ್ರಮದಡಿ ಆರಂಭವಾದ ಆರೈಕೆ ಮತ್ತು ಬೆಂಬಲ ಕೇಂದ್ರಗಳೂ ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುವ ಕೆಲಸವನ್ನು ನಾವು ಕುರ್ಚಿಯಲ್ಲಿ ಕುಳಿತು ಮಾಡಲಾಗದ ರೀತಿಯಲ್ಲಿ ಮಾಡುತ್ತ ಬಂದಿವೆ. ಎ.ಆರ್.ಟಿ. ಕೇಂದ್ರದ ಆರೈಕೆ ಸಂಯೋಜಕರ ಹುದ್ದೆಗೆ ಸೋಂಕಿನೊಡನೆ ಬದುಕುತ್ತಿರುವವರನ್ನೇ ನೇಮಿಸುವ ಪದ್ಧತಿಯೂ ಇದೆ. ಹೊಸದಾಗಿ ಬಂದವರು ಚಿಕಿತ್ಸೆಯ ವಿವರ ಬರೆಯುವ ಹಸಿರು ಪುಸ್ತಕ ಕೈಯಲ್ಲಿ ಹಿಡಿದು ನಡುಗುತ್ತಿರುವಾಗ ಅವರನ್ನು ಮೊದಲು ಮಾತಾಡಿಸುವುದು ಬಹುಮಟ್ಟಿಗೆ ಆ ಸಂಯೋಜಕರೇ.

ಕೆಲಸ ಮಾಡಲು ಕರೆಯುವುದು ಒಂದು, ನಿರ್ಧಾರ ಮಾಡಲು ಕರೆಯುವುದು ಇನ್ನೊಂದು. ನಮ್ಮ ವ್ಯವಸ್ಥೆ ಮೊದಲನೆಯದಕ್ಕೆ ಒಗ್ಗಿಕೊಂಡಿದೆ. ಕಾಣೆಯಾದವರನ್ನು ಹುಡುಕಿ ತರಲು ಸೋಂಕಿತರು ಬೇಕು, ಅವರು ಏಕೆ ಕಾಣೆಯಾದರೆಂಬ ಚರ್ಚೆಗೆ ಬೇಡ. ಮಾಸಿಕ ಸಮನ್ವಯ ಸಭೆಗಳಲ್ಲಿ ಅವರಿಗೆ ಕುರ್ಚಿ ಇರುತ್ತದೆ. ಆದರೆ ಸಭೆಯ ವಿಷಯಪಟ್ಟಿಯನ್ನು ಬೇರೆಯವರು ಮೊದಲೇ ಬರೆದಿರುತ್ತಾರೆ, ಮಾತು ಹೆಚ್ಚಾಗಿ ಗುರಿ ಮುಟ್ಟಿದ ಅಂಕಿಗಳ ಸುತ್ತಲೇ ತಿರುಗುತ್ತದೆ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ವೇದಿಕೆಗೆ ಕರೆದು ಹೂವು ಕೊಟ್ಟು ಅನುಭವ ಹೇಳಿಸುವ ಪದ್ಧತಿಯ ಬಗ್ಗೆ ನನಗಂತೂ ಬೇಸರವಿದೆ. ಅವರ ಕಣ್ಣೀರು ಕೇಳಿದ ಮೇಲೆ ಅವರ ದೂರನ್ನೂ ಕೇಳಬೇಕಲ್ಲವೇ?

ದೂರು ಹೇಳುವ ದಾರಿಯನ್ನು ಕಾನೂನು ಮಾಡಿಕೊಟ್ಟಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಬೇಕು, ರಾಜ್ಯಕ್ಕೆ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಇರಬೇಕು, ಸೋಂಕಿನ ಗುಟ್ಟನ್ನು ಒಪ್ಪಿಗೆಯಿಲ್ಲದೆ ಬಿಟ್ಟುಕೊಡಬಾರದು. ಅದೇ ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ವಿಧಿಯೊಂದಿದೆ: ಎಚ್‌ಐವಿ ಬಾಧಿತ ಕುಟುಂಬದ ಹೊಣೆ ಹೊತ್ತು ನಡೆಸುತ್ತಿರುವ, 12 ದಾಟಿ 18 ತುಂಬದ, ಸಾಕಷ್ಟು ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ತನ್ನ ತಮ್ಮ ತಂಗಿಯರಿಗೆ ಪಾಲಕರಾಗಿ ನಿಲ್ಲಬಹುದು. ಶಾಲೆಗೆ ಸೇರಿಸುವುದಕ್ಕೂ ಚಿಕಿತ್ಸೆಗೂ ಸಹಿ ಮಾಡುವಷ್ಟು ವಿವೇಕ ಹದಿನಾಲ್ಕರ ಹುಡುಗಿಗೆ ಇರಬಹುದೆಂದು ಸಂಸತ್ತೇ ಒಪ್ಪಿರುವಾಗ, ತಾನು ಚಿಕಿತ್ಸೆ ಪಡೆಯುವ ಕೇಂದ್ರದ ವೇಳೆಯ ಬಗ್ಗೆ ಅಭಿಪ್ರಾಯ ಹೇಳುವ ವಿವೇಕ ಅವಳಿಗಿಲ್ಲವೆಂದು ನಾವು ಏಕೆ ಭಾವಿಸಬೇಕು?

ಯಾರಾದರೂ ವೈದ್ಯಾಧಿಕಾರಿಗಳು ಇದನ್ನು ಓದಿ, ಸರಿ, ಎಲ್ಲಿಂದ ತೊಡಗಲಿ ಎಂದು ಕೇಳಿದರೆ, ದೊಡ್ಡ ಸಮಿತಿ ಕಟ್ಟಬೇಡಿ ಎನ್ನುತ್ತೇನೆ. ಅನುಭವಿ ಸೋಂಕಿತರು ನಾಲ್ಕೈದು ಮಂದಿ, ಅವರಲ್ಲಿ ಸಂಘದ ಪದಾಧಿಕಾರಿಗಳಲ್ಲದವರೂ ಇರಲಿ, ಏಕೆಂದರೆ ಎಲ್ಲ ಸಭೆಗಳಿಗೂ ಬರುವ ಅದೇ ಇಬ್ಬರ ದನಿ ಉಳಿದವರದ್ದೆಂದು ಹೇಳಲಾಗದು. ಲಿಂಗತ್ವ ಅಲ್ಪಸಂಖ್ಯಾತರೂ ಒಂಟಿ ಹೆಂಗಸರೂ ತಮ್ಮನ್ನು ಕರೆದಿದ್ದಾರೆಂದು ನಂಬುವಂತೆ ಕರೆಯಬೇಕು. ಯುವಜನರ ಗುಂಪು ಪ್ರತ್ಯೇಕವಾಗಿರಲಿ, ಅದರ ಸಭೆ ರಜಾದಿನವೇ ನಡೆಯಲಿ, ಹೆಸರು ವಿಳಾಸಗಳ ಹಾಜರಾತಿ ಪುಸ್ತಕ ಬೇಡ, ಫೋಟೋ ಅಂತೂ ಬೇಡವೇ ಬೇಡ. ವಾಟ್ಸಾಪ್ ಗುಂಪು ಮಾಡುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ಅದರಲ್ಲಿ ಪ್ರತಿಯೊಬ್ಬರ ನಂಬರೂ ಉಳಿದೆಲ್ಲರಿಗೂ ಕಾಣುತ್ತದೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ವಿಷಯಪಟ್ಟಿಯ ಮೊದಲ ಅರ್ಧವನ್ನು ಅವರೇ ಬರೆಯಲಿ. ಕೇಂದ್ರದ ಕೈಯಲ್ಲೇ ಇರುವ ಟೋಕನ್, ಬೆಂಚು, ಫಲಕದಂಥ ಸಂಗತಿಗಳನ್ನು ಅದೇ ವಾರ ತೀರ್ಮಾನಿಸಬಹುದು. ಕೈಯಲ್ಲಿಲ್ಲದ ಔಷಧ ಪೂರೈಕೆ, ಸಿಬ್ಬಂದಿ ನೇಮಕದಂಥವನ್ನು ಬರೆದು ಬೆಂಗಳೂರಿಗೆ, ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಕಳುಹಿಸಿ, ಮುಂದಿನ ಸಭೆಯಲ್ಲಿ ಉತ್ತರ ಬಂದಿದ್ದರೆ ಬಂದಿದೆ ಎಂದೂ ಬರದಿದ್ದರೆ ಬಂದಿಲ್ಲ ಎಂದೂ ಹೇಳಬೇಕು. ಆಗುವುದಿಲ್ಲ ಎಂಬ ಉತ್ತರವನ್ನು ಜನ ಸಹಿಸುತ್ತಾರೆ, ಉತ್ತರವೇ ಬಾರದಿದ್ದರೆ ಮೂರನೆಯ ಸಭೆಗೆ ಯಾರೂ ಬರುವುದಿಲ್ಲ.

ಉಳಿದದ್ದು ದುಡ್ಡಿನ ಮಾತು. ಸಭೆಗೆ ಬರುವ ಅಧಿಕಾರಿಗೆ ಸಂಬಳವಿದೆ, ನನಗೂ ಇತ್ತು. ಹೊಲಿಗೆಯೋ ಕೂಲಿಯೋ ಬಿಟ್ಟು ಬರುವ ಸೋಂಕಿತರಿಗೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಅವರ ತಿಳಿವಳಿಕೆಯಿಂದ ಕೇಂದ್ರಕ್ಕೆ ಲಾಭವಾಗುತ್ತದೆ ಎಂದಾದರೆ ಆ ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಅಂದೇ ಕೈಗೆ ಕೊಡಬೇಕು. ಬಿಲ್ಲು, ವೋಚರು ಎಂದು ಮೂರು ತಿಂಗಳು ಅಲೆಸಬಾರದು. ಯುವ ಸಹಾಯಕರನ್ನು ನೇಮಿಸುವುದಾದರೆ ಗೌರವಧನ, ಕೆಲಸದ ವೇಳೆ, ರಜೆ, ಮತ್ತು ಅವರ ಮನಸ್ಸಿನ ಭಾರವನ್ನು ಕೇಳುವ ಹಿರಿಯ ಸಮಾಲೋಚಕರೊಬ್ಬರು, ಇಷ್ಟೂ ಮೊದಲ ದಿನದಿಂದಲೇ ಇರಬೇಕು. ಇಪ್ಪತ್ತೊಂದರ ಹುಡುಗನೊಬ್ಬ ತನ್ನಂತೆಯೇ ಹುಟ್ಟಿ ಬೆಳೆದ ಹದಿನೈದರ ಹುಡುಗನನ್ನು ಉಳಿಸಿಕೊಳ್ಳಲಾಗದೆ ಬಂದು ಕುಳಿತಾಗ, ಅವನಿಗೆ ತರಬೇತಿಯ ಪ್ರಮಾಣಪತ್ರ ಯಾವ ಉಪಯೋಗಕ್ಕೂ ಬರುವುದಿಲ್ಲ. ಈ ಖರ್ಚನ್ನು ಯಾವ ಶೀರ್ಷಿಕೆಯಡಿ ಹಾಕಬೇಕೆಂದು ಲೆಕ್ಕಪತ್ರ ವಿಭಾಗ ಕೇಳುತ್ತದೆ. ಜಿಲ್ಲೆಯ ಕ್ರಿಯಾಯೋಜನೆಯಲ್ಲಿ ಅದಕ್ಕೊಂದು ಸಾಲು ಸೇರಿಸದೆ ಯುವಜನರ ಸಭೆಯ ಮೊದಲ ದಿನಾಂಕವನ್ನು ಗೊತ್ತುಮಾಡಬಾರದು ಎಂಬುದು ನನ್ನ ಅಭಿಪ್ರಾಯ.